ಪರ್ಮಿತ್ತೇರಾ

ಅತ್ತ ಕುಂದಾಪುರದ ಮನೆಯಲ್ಲಿ ಫೋನು ರಿಂಗಾಗತೊಡಗಿತ್ತು. ಅಷ್ಟರಲ್ಲಿ ಇತ್ತ ಅಬುಧಾಬಿಯ ಕಚೇರಿಯಲ್ಲಿ ಸುಪ್ರೀತಾ ಓಡಿಬಂದು ಜಯಪಾಲನ ಫೋನಿನ ಗುಂಡಿಯನ್ನು ಬೆರಳಿನಿಂದ ಅದುಮಿ ಲೈನು ಕಡಿದಳು.

“ಎಂತ ಮಾಡಿದ್ರಿ ನೀವು!” ಜಯಪಾಲ ರಿಸೀವರ್ ಹಿಡಿದುಕೊಂಡೇ ಸಿಡುಕಿದ. “ಬಾಸ್ ಸ್ವೀಡನ್ನಿಗೆ ಮಾತಾಡುವಾಗ ನಾನೇ ಕೇಳಿದ್ದೇನೆ. ನನ್ನ ಹೆಸರು ಹೇಳಿ ‘ಪರ್ಮಿತ್ತೇರಾ’ ಅಂದ್ರು. ನಾನು ಕೇಳಿದ್ದ ಫ್ಯಾಮಿಲಿ ವೀಸಾಕ್ಕೆ ಪರ್ಮಿಶನ್ ಸಿಕ್ಕಿತು! ಹೆಂಡತಿ ರಾಜೀನಾಮೆ ಬರೆದಿಟ್ಟು ಕಾಯ್ತಾ ಇದ್ದಾಳೆ, ನಾಳೆಯೇ ಶಾಲೆಗೆ ಕೊಡ್ಬೇಕು.”

ಆ ಸ್ವೀಡಿಷ್ ಬಾಸಿನ ಕಾರ್ಯದರ್ಶಿಯಾಗಿ ವರ್ಷಗಳೇ ಕಳೆದಿದ್ದರಿಂದ ಸುಪ್ರೀತಾಳಿಗೆ ಸ್ವೀಡಿಷ್ ಅಷ್ಟಿಷ್ಟು ತಿಳಿಯುತ್ತಿತ್ತು. ಗಾಜಿನ ಕ್ಯಾಬಿನ್ನಿನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. ಬೆರಳು ಮಾತ್ರ ತೆಗೆಯಲಿಲ್ಲ. “ಅದು ಪರ್ಮಿಶನ್ ಅಲ್ಲ ಜಯಪಾಲಣ್ಣ. ಬೇರು ಒಂದೇ, ಲ್ಯಾಟಿನ್ನಿನಲ್ಲಿ ‘ಹೋಗಲು ಬಿಡು’ ಅಂತ. ಫ್ರೆಂಚರು, ಇಂಗ್ಲಿಷರು ಅದನ್ನು ಅನುಮತಿ ಮಾಡಿಕೊಂಡ್ರು. ಸ್ವೀಡನ್ನಿನವರು ಮೊದಲು ಸೈನಿಕರಿಗೆ ರಜೆ ಕೊಡುವಾಗ ಹೇಳ್ತಿದ್ರಂತೆ. ಈಗ ಕೆಲಸ ಇಲ್ಲದಾಗ ಜನರನ್ನು ಮನೆಗೆ ಕಳಿಸ್ಲಿಕ್ಕೆ ಹೇಳ್ತಾರೆ. ನಿಮ್ಮ ಪ್ರಾಜೆಕ್ಟ್ ನಿಂತಿದೆ. ಈ ತಿಂಗಳ ಕೊನೆಗೆ...”

ಜಯಪಾಲನ ಮುಖ ಬಿಳಿಚಿಕೊಂಡಿತು. ಅವಳ ಬೆರಳನ್ನು ಮೆಲ್ಲಗೆ ಸರಿಸಿ, ಮತ್ತೆ ಅದೇ ನಂಬರಿಗೆ ಡಯಲ್ ಮಾಡಿದ.

“ಇವಳೇ, ರಾಜೀನಾಮೆ ಕೊಡ್ಬೇಡ. ನಾನೇ ಊರಿಗೆ ಬರ್ತೇನೆ.”

ಆಚೆ ಕಡೆಯಿಂದ ಹೆಂಡತಿಯ ಖುಷಿಯ ಕೂಗು ಸುಪ್ರೀತಾಳ ಕಿವಿಗೂ ಬಿತ್ತು. “ಹೌದಾ! ರಜೆ ಕೊಟ್ರಾ?”

ಜಯಪಾಲ ಸುಪ್ರೀತಾಳ ಮುಖವನ್ನೇ ನೋಡಿದ.

“ಹೌದು,” ಅಂದ, “ಕೊಟ್ರು.”