ಸಿಡಿಲು ಬಡಿದರೂ ಕೇಳಿಸದವರು

ಆಸ್ಪತ್ರೆಯ ಆಳುದ್ದದ ಗಾಜಿನ ಕೊಳವೆಯ ಬಾಗಿಲು ಬಿಗಿದಾಗಿತ್ತು. ಕಾಲಿನ ಹುಣ್ಣು ಮಾಯಲೆಂದು ಒಳಗೆ ಮಲಗಿದ್ದ ಅಜ್ಜನ ಸುತ್ತ ಆಮ್ಲಜನಕ ಒತ್ತಿ ಒತ್ತಿ ತುಂಬುತ್ತಿತ್ತು. ಅದರೊಳಗೆ ಎಲ್ಲವೂ ಹೊತ್ತಿ ಉರಿಯಲು ಒಂದೇ ಒಂದು ಕಿಡಿ ಸಾಕು.

"ಕಿವಿ ಮಿಷನ್ ಬ್ಯಾಟರಿ ಒಳಗೆ ಹೋಗಿಲ್ಲ ತಾನೇ?" ಎಂದು ಟೆಕ್ನಿಷಿಯನ್ ಹುಡುಗಿ ಮತ್ತೊಮ್ಮೆ ಕೇಳಿದಳು.

"ಅವರೇ ಬಿಚ್ಚಿ ಡಬ್ಬೀಲಿ ಹಾಕಿ ಕೊಟ್ರಮ್ಮ. ಇನ್ನು ಪಕ್ಕದಲ್ಲಿ ಸಿಡಿಲು ಬಡಿದ್ರೂ ಕೇಳಿಸಲ್ಲ," ಎಂದ ಅಜ್ಜಿ, ಒಳಗಿದ್ದವರ ಜೊತೆ ಮಾತಾಡಲು ಇಟ್ಟಿದ್ದ ಮೈಕಿನ ಪಕ್ಕದಲ್ಲೇ ದನಿ ತಗ್ಗಿಸಿದಳು. "ಒಂದು ಗಂಟೆ ಆ ವಟವಟ ತಪ್ಪಿತು ನೋಡು."

ಸ್ಪೀಕರಿನಲ್ಲಿ ಅಜ್ಜನ ನಗು ಕೇಳಿಸಿತು. "ಯಾರ್ದೇ ವಟವಟ? ನಂದಾ, ನಿಂದಾ?"

ಅಜ್ಜಿ ಡಬ್ಬಿ ತೆರೆದಳು. ಖಾಲಿ. ಹುಡುಗಿ ಒತ್ತಡ ಇಳಿಸುವ ಗುಂಡಿ ಒತ್ತಿದಳು. ಬಾಗಿಲು ತೆರೆಯಲು ಇನ್ನೂ ಎರಡು ನಿಮಿಷ ಬೇಕಿತ್ತು. "ಕಿವಿ ಮುಟ್ಟಬೇಡಿ ಅಜ್ಜಾ!" ಎಂದು ಗಾಳಿ ಹೊರನುಗ್ಗುವ ಸದ್ದಿನ ನಡುವೆ ಕೂಗಿದಳು.

"ಆಂ? ಏನಂದೆ?" ಎನ್ನುತ್ತಾ ಅಜ್ಜ, ದನಿ ಜಾಸ್ತಿ ಮಾಡಿಕೊಳ್ಳಲು ಬೆರಳನ್ನು ಕಿವಿಗೆ ಒಯ್ದ.