ಕುಳ್ಳ ಬಟಾಣಿ

ಆರನೇ ಏಟಿಗೆ ಹಾಲಪ್ಪನ ಅಂಗೈ ಒಡೆದು ರಕ್ತ ಬಂತು. ವಿಜ್ಞಾನದ ಸುಬ್ರಾಯ ಮೇಷ್ಟ್ರು ಬೆತ್ತ ಇಳಿಸಲಿಲ್ಲ. ಅವರ ಬೆನ್ನ ಹಿಂದಿನ ಬೋರ್ಡಿನಲ್ಲಿ, ೧೨-೮-೧೯೬೩ ಅನ್ನುವ ತಾರೀಖಿನ ಕೆಳಗೆ, ಬೆಳಿಗ್ಗೆ ಅವರೇ ಬರೆದ ಉದ್ದ ಬಟಾಣಿ, ಕುಳ್ಳ ಬಟಾಣಿ ಗಿಡಗಳು ಹಾಗೇ ಇದ್ದವು.

“ನಿನ್ನಪ್ಪ ಸಾಗರಕ್ಕೆ ಹೋಗಿ ಸಂಘ ಸೇರ್ಕೊಂಡು ನಮಗೇ ಗೇಣಿ ಕೊಡಲ್ಲ ಅಂತಾನೆ. ನೀನು ಕಲ್ಲು ತಗೊಂಡು ಗೋವಿಂದನ ತಲೆ ಒಡೀತೀಯ. ಎಷ್ಟು ಗೊಬ್ಬರ ಹಾಕಿದ್ರೂ ಕುಳ್ಳ ಬಟಾಣಿ ಕುಳ್ಳವೇ ಕಣೋ! ಬೀಜದಲ್ಲೇ ಬಂದಿದ್ದು ಎಲ್ಲಿ ಹೋಗ್ತದೆ?”

“ನಾನಲ್ಲ ಸಾರ್,” ಅಂದ ಹಾಲಪ್ಪ. ಏಳನೇ ಏಟು ಬಿತ್ತು.

ಅಷ್ಟರಲ್ಲಿ ಗೋವಿಂದನೇ ಬಾಗಿಲಿಗೆ ಬಂದು ನಿಂತ. ತಲೆಗೆ ಸುತ್ತಿದ ಬಟ್ಟೆ ಕೆಂಪಾಗಿತ್ತು. “ಇವನಲ್ಲ ಸಾರ್. ಕಲ್ಲಲ್ಲಿ ಹೊಡೆದಿದ್ದು ನಿಮ್ಮ ಶ್ರೀಪತಿ. ಇವನು ಬಿಡಿಸೋಕೆ ಬಂದಿದ್ದ.”

ಎತ್ತಿದ ಬೆತ್ತ ಗಾಳಿಯಲ್ಲೇ ನಿಂತಿತು. ಮೊದಲ ಬೆಂಚಿನಲ್ಲಿದ್ದ ಶ್ರೀಪತಿ ತಲೆ ತಗ್ಗಿಸಿದ. ಮೇಷ್ಟ್ರು ಮಗನನ್ನೇ ನೋಡಿದರು, ಬೋರ್ಡಿನ ಕಡೆ ತಿರುಗಲಿಲ್ಲ.

“ಮಣ್ಣು ಕೆಟ್ರೆ ಎಂಥಾ ಒಳ್ಳೇ ಬೀಜವೂ ಕೆಡ್ತದೆ,” ಅಂದರು ಮೆಲ್ಲಗೆ. “ಇಂಥವರ ಪಕ್ಕ ಕೂತು ಕೂತು ಹೀಗಾದ.”

ಆಮೇಲೆ ಹಾಲಪ್ಪನಿಗೆ ಹೇಳಿದರು: “ಇನ್ನೊಂದು ಕೈ ಚಾಚೋ.”