ಗಾಜಿನ ಮೇಲೆ ಉಳಿದ ಹಾಳೆ

“ನಿನ್ನೆ ನನ್ನದೊಂದು ಹಾಳೆ ಮಷೀನಲ್ಲೇ ಉಳಿದುಬಿಟ್ಟಿದೆ,” ಎಂದ ಕನ್ನಡಕದವನು. ಅಂಗಡಿ ತೆರೆದು ಇನ್ನೂ ಐದು ನಿಮಿಷವಾಗಿರಲಿಲ್ಲ.

“ಇಲ್ಲಿ ಯಾವ ಹಾಳೆನೂ ಇಲ್ವಲ್ಲ,” ಎಂದಳು ಜೆರಾಕ್ಸ್ ಅಂಗಡಿಯಾಕೆ. ಹಾಳೆ ಅವಳ ಮೇಜಿನ ಖಾನೆಯಲ್ಲೇ ಇತ್ತು. ಖಾನೆಯನ್ನು ಮೊಣಕಾಲಿನಿಂದ ಒತ್ತಿ ಹಿಡಿದು ನಿಂತಿದ್ದಳು.

“ಇನ್ನೊಂದ್ಸಲ ನೋಡಿ. ಅದು ಬೇರೆಯವರ ಕೈಗೆ ಸಿಗಬಾರದು.”

“ಹಾಗಿದ್ರೆ ಮರೆತು ಹೋಗಬಾರದಿತ್ತು.”

ಅವನು ಅವಳ ಮುಖವನ್ನೇ ನೋಡಿದ. ಹಣೆಯ ಬೆವರು ಒರೆಸಿಕೊಂಡು ಹೊರಟುಹೋದ.

ಗಿರಾಕಿಯ ಕಾಗದ ಓದಬಾರದೆಂಬುದು ಅವಳ ಹದಿನೆಂಟು ವರ್ಷಗಳ ನೇಮ. ಗಂಡ-ಹೆಂಡಿರ ಜಗಳದ ಅರ್ಜಿಯೋ, ಕಾಯಿಲೆಯ ವರದಿಯೋ, ಏನೇ ಬರಲಿ, ಅಕ್ಷರ ಸರಿಯಾಗಿ ಮೂಡಿದೆಯೇ ಎಂಬುದಷ್ಟೇ ಅವಳ ಚಿಂತೆ. ನಿನ್ನೆ ಈತ ಹನ್ನೊಂದು ಪ್ರತಿ ತೆಗೆಸಿದಾಗಲೂ ಅಷ್ಟೇ. ಆದರೆ ಇಂದು ಅಂಗಡಿ ತೆರೆದೊಡನೆ ಗಾಜು ಒರೆಸಲು ಮುಚ್ಚಳ ಎತ್ತಿದಾಗ ಪಕ್ಕದ ಅಂಗಡಿಯ ದರ್ಜಿ ಅಕ್ಕನ ಹೆಸರು ಕಣ್ಣಿಗೆ ಬಿತ್ತು. ಹನ್ನೊಂದು ಮನೆಗಳ ಪಟ್ಟಿ. ಎಲ್ಲವೂ ಹೊರಗಿನಿಂದ ಬಂದು ಈ ಬಡಾವಣೆಯಲ್ಲಿ ನೆಲೆಸಿದ ಜನರವೇ. ವಿಳಾಸದ ಪಕ್ಕದಲ್ಲಿ ಪುಟ್ಟ ಟಿಪ್ಪಣಿ: ‘ಅಜ್ಜಿ, ನಡೆಯಲಾರಳು.’ ‘ಗಂಡ ಊರಲ್ಲಿಲ್ಲ.’ ದರ್ಜಿ ಅಕ್ಕನ ಸಾಲಿನಲ್ಲಿ: ‘ಮಕ್ಕಳಿಬ್ಬರು. ಹಿಂಬಾಗಿಲಿಲ್ಲ.’

ಹೋದ ವಾರವಷ್ಟೇ ಆ ಜನರಲ್ಲೊಬ್ಬನ ಮನೆಗೆ ಹಾಡುಹಗಲೇ ಬೆಂಕಿ ಇಟ್ಟಿದ್ದರು. ಇಟ್ಟವರು ಇನ್ನೂ ಸಿಕ್ಕಿರಲಿಲ್ಲ.

ಕನ್ನಡಕದವನು ಮರೆಯಾದ ಕೂಡಲೇ ಪೊಲೀಸ್ ಠಾಣೆಗೆ ಫೋನು ಮಾಡಿದಳು. ‘ಮಧ್ಯಾಹ್ನದ ಮೇಲೆ ಬಂದು ಬರೆದುಕೊಡಿ’ ಎಂದರು. ಅವರಿಗೆ ಅದೆಲ್ಲಿಯ ಅವಸರ! ಪರರ ಕಾಗದ ಎಂದು ಮನಸ್ಸು ಒಮ್ಮೆ ಚುಚ್ಚಿತು. ಜೀವವೇ ಹೋಗುವಾಗ ಎಂಥ ಗುಟ್ಟು ಎಂದುಕೊಂಡು, ಹಾಳೆಯ ಫೋಟೊ ತೆಗೆದು, ಆರುನೂರು ಜನರಿರುವ ಬಡಾವಣೆಯ ವಾಟ್ಸಾಪ್ ಗುಂಪಿಗೆ ಹಾಕಿದಳು: ‘ಈ ಮನೆಗಳ ಮೇಲೆ ಯಾರದೋ ಕಣ್ಣಿದೆ. ಎಲ್ಲರೂ ಕಾವಲಿರಿ.’

ಆಮೇಲೆ ಹಾಳೆ ಹಿಡಿದುಕೊಂಡು ಪಕ್ಕದ ಅಂಗಡಿಗೆ ಓಡಿದಳು.

“ಅಕ್ಕಾ, ಮಕ್ಕಳನ್ನ ಕರ್ಕೊಂಡು ಈಗಲೇ ನಮ್ಮನೆಗೆ ಬಂದ್ಬಿಡು. ಏನೂ ಕೇಳ್ಬೇಡ.”

ದರ್ಜಿ ಅಕ್ಕ ಹೊಲಿಗೆ ನಿಲ್ಲಿಸಿ ಹಾಳೆ ನೋಡಿದಳು. ಅವಳ ಮುಖ ಅರಳಿತು.

“ಅಬ್ಬಾ, ನಿನ್ನ ಹತ್ರ ಇತ್ತಾ? ಆ ಕನ್ನಡಕದ ಅಣ್ಣ ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ, ಪಾಪ.”

“ಅವನು... ನಿಂಗೆ ಗೊತ್ತಾ?”

“ನಮ್ಮೋನೇ ಕಣೆ. ಬೆಂಕಿ ಬಿದ್ರೆ ಯಾರನ್ನ ಮೊದಲು ಹೊತ್ತು ತರಬೇಕು ಅಂತ ನಾವೇ ಕೂತು ಬರೆಸಿದ್ದು. ಮನೆಗೊಂದು ಪ್ರತಿ. ಹೊರಗಿನ ಒಂದು ನರಪಿಳ್ಳೆಗೂ ಗೊತ್ತಿಲ್ಲ. ಸದ್ಯ, ನಿನ್ನ ಕೈಗೆ ಸಿಕ್ತಲ್ಲ, ಹೋದ ಜೀವ ಬಂತು.”

ಅಂಗಡಿಯಾಕೆ ಫೋಟೊ ಅಳಿಸಲೆಂದು ಫೋನು ತೆರೆದಳು. ಹೆಸರೂ ಮುಖವೂ ಇಲ್ಲದ ಯಾರೋ ಅದರ ಕೆಳಗೆ ಆಗಲೇ ಉತ್ತರ ಬರೆದಿದ್ದರು:

‘ಇಷ್ಟು ದಿನ ನಾಲ್ಕೇ ಮನೆಗಳು ಗೊತ್ತಿದ್ದವು. ಉಳಿದ ಏಳಕ್ಕೆ ಉಪಕಾರವಾಯಿತು.’